ರೇಡಿಯೇಟರಿಗೆ ಹೊಸ ನೀರು ತುಂಬಿದ ಮೂರು ಹಬ್ಬ

ಮಗಳು ಹುಟ್ಟಿ ನಾಲ್ಕನೆಯ ದಿನ ಬೆಳಿಗ್ಗೆ ನರ್ಸಮ್ಮ ಥರ್ಮಾಮೀಟರನ್ನು ಎರಡು ಸಲ ನೋಡಿದರು, ಮೂರನೆಯ ಸಲ ಕನ್ನಡಕ ಏರಿಸಿಕೊಂಡು ನೋಡಿದರು. ನೆದರ್‌ಲ್ಯಾಂಡ್ಸಿನಲ್ಲಿ ಹೆರಿಗೆಯಾದ ಮನೆಗೆ ಮೊದಲ ವಾರವೆಲ್ಲ ಒಬ್ಬ ನರ್ಸು ಬಂದು ತಾಯಿಯನ್ನೂ ಮಗುವನ್ನೂ ನೋಡಿಕೊಳ್ಳುತ್ತಾರೆ. ನಮ್ಮ ಮನೆಗೆ ಬಂದವರು ಮಾತು ಕಡಿಮೆ, ಕೆಲಸ ಹೆಚ್ಚು ಅನ್ನುವಂಥ ಹೆಂಗಸು. ಅವರು ಹೇಳಿದ್ದು ಇಷ್ಟೇ: "ಮಗು ತಣ್ಣಗಿದೆ. ಕೋಣೆ ಅದಕ್ಕಿಂತ ತಣ್ಣಗಿದೆ. ನಾಳೆ ಮಧ್ಯಾಹ್ನದೊಳಗೆ ಈ ಕೋಣೆ ಇಪ್ಪತ್ತು ಡಿಗ್ರಿಗೆ ಬರದಿದ್ದರೆ, ಮಗುವನ್ನು ಆಸ್ಪತ್ರೆಗೆ ವಾಪಸ್ ಕಳಿಸಲೇಬೇಕು."

ಮೂರು ವಾರ ಮುಂಚೆ ಹುಟ್ಟಿದ ಕೂಸು. ಎರಡು ಕಿಲೋ ಮೇಲೆ ಚೂರು. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಮನೆಗೆ ತಂದಿದ್ದೆವು. ಮತ್ತೆ ಆ ಗಾಜಿನ ಪೆಟ್ಟಿಗೆಗೆ ಕಳಿಸಬೇಕೇ? ಎದ್ದು ಹೋಗಿ ಕಿಟಕಿಯ ಕೆಳಗಿನ ರೇಡಿಯೇಟರನ್ನು ಮುಟ್ಟಿದೆ. ಮೇಲಿನ ಅಂಚು ಬೆಚ್ಚಗಿತ್ತು, ಅಲ್ಲಿಂದ ಕೆಳಗೆ ಕಲ್ಲಿನ ಹಾಗೆ ತಣ್ಣಗಿತ್ತು. ಮೇಲೆ ಅಟ್ಟದಲ್ಲಿ ಬಾಯ್ಲರು ಗುಂಯ್ ಎಂದು ಉರಿಯುತ್ತಲೇ ಇತ್ತು. ಹಾಗಾದರೆ ಆ ಬಿಸಿಯೆಲ್ಲ ಎಲ್ಲಿಗೆ ಹೋಗುತ್ತಿತ್ತು? ನನಗೆ ತಲೆಬುಡ ಅರ್ಥವಾಗಲಿಲ್ಲ.

ಅರ್ಥವಾಗದಿರಲು ಕಾರಣವಿತ್ತು. ಎರಡು ವಾರದ ಹಿಂದಷ್ಟೇ ಇಡೀ ಮನೆಯ ರೇಡಿಯೇಟರುಗಳ ಹಳೆಯ ನೀರನ್ನೆಲ್ಲ ಬಸಿದು, ಹೊಸ ನೀರು ತುಂಬಿಸಿದ್ದೆ. ತುಂಬು ಬಸುರಿ ಮೆಟ್ಟಿಲ ಮೇಲೆ ಕೂತು, ಗಂಡನಿಗೆ ಅದು ಮಾಡು ಇದು ಮಾಡು ಎಂದು ಗದರಿ ಮಾಡಿಸಿದ ಕೆಲಸ. ನಾವಿರುವ ಬೆಸ್ಟ್ ಎಂಬ ಊರಿನಲ್ಲಿ ನಮ್ಮಲ್ಲಿರುವಷ್ಟು ಚೊಕ್ಕ ರೇಡಿಯೇಟರು ಬೇರೆ ಯಾರ ಮನೆಯಲ್ಲೂ ಇಲ್ಲ ಎಂಬ ಜಂಬ ಬೇರೆ ನನಗೆ.

ಈ ಕಥೆ ಶುರುವಾದದ್ದು ಮೂರು ವರ್ಷದ ಹಿಂದೆ, ನಾವು ಈ ಹಳೆಯ ಸಾಲುಮನೆಯನ್ನು ಕೊಂಡಾಗ. ಗಂಡನ ಆಫೀಸು ಐಂಡ್‌ಹೋವನ್ನಿನಲ್ಲಿ, ಹತ್ತು ನಿಮಿಷದ ರೈಲು. ಮನೆ ನಮಗಿಂತ ವಯಸ್ಸಾದದ್ದು, ಅದರ ರೇಡಿಯೇಟರುಗಳಿಗೂ ಅಷ್ಟೇ ವಯಸ್ಸು. ಬಾಯ್ಲರು ಮಾತ್ರ ನಡುವೆ ಒಮ್ಮೆ ಬದಲಾಗಿತ್ತಂತೆ, ಅದೂ ಈಗ ಮುದಿಯಾಗಿತ್ತು. ಅಟ್ಟದಲ್ಲಿ ಬಾಯ್ಲರು ನೀರು ಕಾಯಿಸುತ್ತದೆ, ಆ ನೀರು ಕೊಳವೆಯಲ್ಲಿ ಇಳಿದು ಪ್ರತಿ ಕೋಣೆಯ ರೇಡಿಯೇಟರಿಗೆ ಹೋಗಿ, ಬಿಸಿ ಕೊಟ್ಟು, ತಣ್ಣಗಾಗಿ ಮತ್ತೆ ಮೇಲೇರುತ್ತದೆ. ಅದೇ ನೀರು, ಅದೇ ಸುತ್ತು. ಯಾರೂ ಕುಡಿಯುವುದಿಲ್ಲ, ಯಾರೂ ಮೀಯುವುದಿಲ್ಲ. ಇಷ್ಟನ್ನು ಮನೆ ತೋರಿಸಿದವರು ನಮಗೆ ಹೇಳಿದ್ದರು. ಇದಕ್ಕಿಂತ ಹೆಚ್ಚು ತಿಳಿಯಬೇಕು ಎಂದು ನನಗೂ ಅನ್ನಿಸಿರಲಿಲ್ಲ.

ಮೊದಲ ವರ್ಷ ಚಳಿ ಶುರುವಾದಾಗ ಗಂಡ ಒಂದು ಪುಟ್ಟ ಚೌಕದ ಕೀಲಿ ಹಿಡಿದು ರೇಡಿಯೇಟರುಗಳ ಗಾಳಿ ಬಿಡಲು ಹೊರಟ. ಗಾಳಿ ತುಂಬಿಕೊಂಡರೆ ಬಿಸಿ ಬರುವುದಿಲ್ಲ, ಮೂಲೆಯ ತಿರುಪು ಸಡಿಲಿಸಿ ಗಾಳಿ ಹೋಗಗೊಟ್ಟು, ನೀರು ಬಂದ ಕೂಡಲೇ ಮುಚ್ಚಬೇಕು. ನಾನು ಕೆಳಗೆ ಸ್ಟೀಲಿನ ಚೊಂಬು ಹಿಡಿದಿದ್ದೆ. ಉಸ್ ಎಂದಿತು, ಆಮೇಲೆ ನೀರು ಬಂತು. ನೀರೇ ಅದು? ಅಯ್ಯೋ ರಾಮ, ಕಾಡಿಗೆ ಕಲೆಸಿದ ಹಾಗೆ ಕಪ್ಪು! ಜೊತೆಗೆ ತುಕ್ಕು ಹಿಡಿದ ಕಬ್ಬಿಣದ ವಾಸನೆ. ನನ್ನ ತವರಿಂದ ತಂದ ಚೊಂಬು ಅದು.

"ಥೂ! ಈ ಹೊಲಸನ್ನ ಗೋಡೆ ತುಂಬ ಇಟ್ಕೊಂಡು ಮಲಗ್ತಿದ್ದೀವಾ ನಾವು?" ಎಂದೆ.

"ಕ್ಲೋಸ್ಡ್ ಸಿಸ್ಟಮ್ ಐತಿ. ಒಳಗ ಇರ್ತೈತಿ, ನಿನಗೇನ್ ಮಾಡ್ತೈತಿ ಅದು?" ಎಂದ ಗಂಡ. ಅವನು ಧಾರವಾಡದವನು, ನಾನು ಮೈಸೂರಿನವಳು. ಅವನಿಗೆ ಯಾವುದೂ ಅವಸರವಲ್ಲ, ನನಗೆ ಎಲ್ಲವೂ ಅವಸರ.

ಅವತ್ತು ನೀರು ತುಂಬುವ ಹಬ್ಬದ ದಿನವಾಗಿದ್ದದ್ದೇ ಎಡವಟ್ಟಾಯಿತು. ನರಕ ಚತುರ್ದಶಿಯ ಹಿಂದಿನ ಸಂಜೆ ಮೈಸೂರಿನ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಯ ಹಳೆ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ಫಳಫಳ ಅನ್ನುವಷ್ಟು ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ಹಳೆ ನೀರು ಒಂದು ತೊಟ್ಟು ಉಳಿಯಬಾರದು. ಉಳಿದರೆ ನನ್ನ ಅಜ್ಜಿ ಇನ್ನೊಮ್ಮೆ ಬಗ್ಗಿಸಿ ಸುರಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಆ ನೀರೇ. ಈ ದೇಶಕ್ಕೆ ಬಂದ ಮೇಲೆ ಹಂಡೆ ಎಲ್ಲಿಂದ ಬರಬೇಕು? ನಲ್ಲಿ ತಿರುಗಿಸಿದರೆ ಬಿಸಿನೀರು. ಹಬ್ಬಕ್ಕೆ ತಿಕ್ಕಲು ಏನೂ ಇಲ್ಲದೆ ಕೈ ನವೆಯುತ್ತಿತ್ತು. ಈಗ ನೋಡಿ, ನೀರು ಕಾಯಿಸುವ ಒಂದು ದೊಡ್ಡ ಪಾತ್ರೆ, ಅದರೊಳಗೆ ಎಷ್ಟೋ ವರ್ಷದ ಕೊಳೆ, ಅದೂ ಇವತ್ತೇ ಕಣ್ಣಿಗೆ ಬೀಳಬೇಕೇ! ದೇವರೇ ತೋರಿಸಿಕೊಟ್ಟ ಎಂದುಕೊಂಡೆ.

ಯೂಟ್ಯೂಬು ನೋಡಿ ಕಲಿತೆವು. ಬಾಯ್ಲರು ಆರಿಸಿ, ಕೆಳಗಿನ ಹಜಾರದ ರೇಡಿಯೇಟರಿನ ತಳದ ನಲ್ಲಿಗೆ ಪೈಪು ಸಿಕ್ಕಿಸಿ ಹೊರಗಿನ ಮೋರಿಗೆ ಬಿಟ್ಟೆವು. ಮೊದಲು ಮಸಿ ಬಂತು, ಆಮೇಲೆ ಕಾಫಿ ಬಣ್ಣ, ಆಮೇಲೆ ತಿಳಿ. ಅಟ್ಟದಲ್ಲಿ ವಾಷಿಂಗ್ ಮೆಷಿನ್ನಿನ ನಲ್ಲಿಯಿಂದ ಬಾಯ್ಲರಿಗೆ ಪೈಪು ಹಾಕಿ, ಒತ್ತಡದ ಮುಳ್ಳು ಒಂದೂವರೆಗೆ ಬರುವ ತನಕ ಹೊಸ ನೀರು ತುಂಬಿದೆವು. ನಾನು ಬಾಯ್ಲರಿನ ಬಿಳಿ ಮೈಗೆ ಅರಿಶಿನದ ಪಟ್ಟೆ ಎಳೆದು ಮೂರು ಕುಂಕುಮದ ಬೊಟ್ಟು ಇಟ್ಟೆ. ಎಷ್ಟೋ ವರ್ಷದ ಮೇಲೆ ಹಬ್ಬ ಮಾಡಿದ ಹಾಗೆ ಅನ್ನಿಸಿ, ಕಣ್ಣಲ್ಲಿ ನೀರು ಬಂತು. ಗಂಡ ಮಾತ್ರ "ನಿನಗ ಹುಚ್ಚ ಹಿಡದೈತಿ" ಎಂದು ಒದ್ದೆ ಪ್ಯಾಂಟು ಬದಲಿಸಲು ಹೋದ.

ಎರಡನೆಯ ವರ್ಷ ಹಬ್ಬಕ್ಕೆ ನಲ್ಲಿ ಬಿಟ್ಟಾಗ ತಿಳಿನೀರು ಬರುತ್ತದೆ ಎಂದು ಕಾದೆ. ಬಂದದ್ದು ಮತ್ತೆ ಕಪ್ಪು. ಒಂದೇ ವರ್ಷದಲ್ಲಿ! ಅಷ್ಟು ಚೊಕ್ಕ ಮಾಡಿಟ್ಟ ಪಾತ್ರೆಗೆ, ಮುಚ್ಚಳ ಕೂಡ ತೆಗೆಯದೆ, ಕೊಳೆ ಎಲ್ಲಿಂದ ಬಂತು? ಗಂಡ ಸರಿಯಾಗಿ ತೊಳೆದಿಲ್ಲ ಎಂದು ಜಗಳ ಮಾಡಿದೆ. ಊರಿನ ನಲ್ಲಿ ನೀರೇ ಸರಿಯಿಲ್ಲವೇನೋ ಎಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದೆ, ಕಣ್ಣೀರಿನಷ್ಟು ತಿಳಿಯಾಗಿತ್ತು. ಪಕ್ಕದ ಮನೆಯಿಂದ ಕೊಳವೆ ಸೇರಿಕೊಂಡಿದೆಯೇ ಎಂದೂ ಅನುಮಾನ ಪಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಕಂಡಕಂಡವರನ್ನೆಲ್ಲ ದೂರಿದೆ. ಕೊನೆಗೆ ಇನ್ನೂ ಎರಡು ಸಲ ತುಂಬಿ ಚೆಲ್ಲಿಸಿದೆ.

ಮೂರನೆಯ ವರ್ಷ ನಾನು ಬಸುರಿ. ನನ್ನ ತಾಯಿ ಇಲ್ಲ, ಬಾಣಂತನಕ್ಕೆ ಧಾರವಾಡದಿಂದ ಅತ್ತೆ ಬಂದಿದ್ದರು. ಹಬ್ಬದ ದಿನ ಹಜಾರದಲ್ಲಿ ಪೈಪು ಬಿದ್ದಿದ್ದನ್ನು ನೋಡಿ ಬಂದು ನಿಂತರು. ಕಪ್ಪು ನೀರಿನ ಜೊತೆ ಈ ಸಲ ಮೆಣಸಿನ ಸಿಪ್ಪೆಯಂಥ ಚೂರುಗಳೂ ಬರುತ್ತಿದ್ದವು.

"ಏನವಾ ಇದು?"

"ಹಳೇ ನೀರು ಚೆಲ್ತಿದ್ದೀವಿ ಅತ್ತೆ. ನೀರು ತುಂಬೋ ಹಬ್ಬ ಅಲ್ವಾ."

ಅತ್ತೆ ಬಗ್ಗಿ ನೋಡಿದರು. "ಅಲ್ಲವಾ, ಇದು ಜಳಕದ ನೀರಲ್ಲ, ಕುಡಿಯೂ ನೀರಲ್ಲ. ಗ್ವಾಡಿಯೊಳಗ ತನ್ನ ಪಾಡಿಗೆ ತಾ ತಿರಗತೈತಿ. ಅದನ್ಯಾಕ ಚೆಲ್ಲತಿ?"

ನನಗೆ ರೇಗಿತು. ಬಸುರಿಯ ಸಿಟ್ಟು ಎಂದು ಈಗ ಸಮಜಾಯಿಷಿ ಕೊಡಬಹುದು, ನಿಜವಾಗಿ ಅದು ನನ್ನ ಹುಟ್ಟುಗುಣ. "ಕೊಳೆ ಕೊಳೇನೇ ಅತ್ತೆ. ಮಗು ಬರೋ ಮನೆ" ಎಂದೆ. ಅತ್ತೆ ಒಳಗೆ ಹೋಗಿ ಉಂಡೆಗೆ ರವೆ ಹುರಿಯತೊಡಗಿದರು.

ಅದಾದ ಹತ್ತು ದಿನಕ್ಕೆ ಮಗಳು ಬಂದಳು. ಆಕೆಯ ಬೆನ್ನಿಗೇ ಚಳಿ ಬಂತು, ಕಾಲುವೆಯ ಅಂಚು ಹೆಪ್ಪುಗಟ್ಟುವಷ್ಟು. ಮಹಡಿಯ ಕೋಣೆಗಳೆಲ್ಲ ಒಂದೊಂದಾಗಿ ತಣ್ಣಗಾದವು, ಮಗುವಿನದು ಎಲ್ಲಕ್ಕಿಂತ ಮೊದಲು. ಕೆಳಗೂ ಬರೀ ಉಗುರು ಬೆಚ್ಚಗೆ.

ನರ್ಸಮ್ಮನ ಮಾತು ಕೇಳಿದ ಮೇಲೆ ನಡೆದದ್ದು ಪೂರಾ ಗೊಂದಲ. ಗಂಡ ಐಂಡ್‌ಹೋವನ್ನಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಬರೆದ. ಐದು ನಿಮಿಷದಲ್ಲಿ ಉತ್ತರಗಳ ಮಳೆ. ಒಬ್ಬರು ಗಾಳಿ ಬಿಡಿ ಎಂದರು, ಒಬ್ಬರು ಬಿಡಲೇಬೇಡಿ ಎಂದರು. ಒಬ್ಬರು ಒತ್ತಡ ಎರಡಕ್ಕೆ ಏರಿಸಿ ಎಂದರು, ಇನ್ನೊಬ್ಬರು ಒಂದಕ್ಕೆ ಇಳಿಸಿ ಎಂದರು. ದೂರದ ಹೂಫ್‌ಡಾರ್ಪ್ ಊರಿನಲ್ಲಿರುವ ಒಬ್ಬರು ಮನೆಯನ್ನೇ ಬದಲಾಯಿಸಿ ಎಂದು ನಗುವ ಮುಖ ಹಾಕಿದರು. ನಗುವ ಹೊತ್ತೇ ಅದು! ಗಂಡ ಎಲ್ಲವನ್ನೂ ಒಂದೊಂದಾಗಿ ಮಾಡಿದ. ಏರಿಸಿದ, ಇಳಿಸಿದ, ಬಿಟ್ಟ, ಮುಚ್ಚಿದ. ರೇಡಿಯೇಟರು ಇದ್ದ ಹಾಗೇ ಇತ್ತು. ಪಕ್ಕದವರಿಂದ ಕರೆಂಟಿನ ಹೀಟರು ತಂದು ಹಚ್ಚಿದರೆ ಹಳೆ ಮನೆಯ ಫ್ಯೂಸು ಹಾರಿ ಬಾಯ್ಲರೂ ಆರಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಅತ್ತೆ ಕೇಳಿದ್ದು ಒಂದೇ: "ಒಂದು ಅಗ್ಗಿಷ್ಟಿಗಿ, ನಾಕು ಇದ್ದಲಿ ಸಿಗೂದಿಲ್ಲೇನು ಈ ಊರಾಗ?" ಮನೆಯೊಳಗೆ ಕೆಂಡ ಇಟ್ಟರೆ ವಿಷಗಾಳಿ, ಕೂಡದು ಎಂದು ಗಂಡ ಕೈಮುಗಿದ. ಆಗ ಅವರು ರವಿಕೆಯ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ಅಂಟಿಸಿಕೊಂಡು, ಮೇಲೆ ಎರಡು ಕೌದಿ ಹೊದ್ದು ಗೋಡೆಗೆ ಒರಗಿ ಕೂತರು. ನಾನು ಹಾಲು ಕೊಡುವಾಗ ಮಾತ್ರ ಮಗು ನನ್ನ ಹತ್ತಿರ, ಮಿಕ್ಕಂತೆ ಅವರ ಎದೆಯ ಮೇಲೆ. ನರ್ಸಮ್ಮ ನೋಡಿ ಮೆಚ್ಚಿ ತಲೆಯಾಡಿಸಿದರು. ಆದರೂ, "ಇದು ನಾಳೆಯವರೆಗೆ ಮಾತ್ರ. ಅಜ್ಜಿಯೂ ಮಲಗಬೇಕಲ್ಲ" ಎಂದರು. ಮೊದಲ ಚಳಿಗೆ ಊರಿನ ಎಲ್ಲ ಬಾಯ್ಲರು ರಿಪೇರಿಯವರಿಗೂ ಪುರುಸೊತ್ತಿಲ್ಲ. ನಮಗೆ ಮುಂದಿನ ವಾರ ಎಂದಿದ್ದರು. ನರ್ಸಮ್ಮ ತಾವೇ ಫೋನು ಹಿಡಿದು, ನಾಲ್ಕು ದಿನದ ಮಗು ಎಂದು ಹೇಳಿದ ಮೇಲೆ ಮರುದಿನ ಬೆಳಿಗ್ಗೆಗೆ ಒಪ್ಪಿದರು.

ಬಂದವರು ಅರವತ್ತರ ಆಸುಪಾಸಿನ ಮನುಷ್ಯ, ದಪ್ಪ ಕನ್ನಡಕ. ಮೊದಲು ಅಟ್ಟಕ್ಕೆ ಹೋದರು. ಗಂಡ ಟಾರ್ಚು ಹಿಡಿದಿದ್ದ, ನಾನು ಏಣಿಯ ಬುಡದಲ್ಲಿ ನಿಂತಿದ್ದೆ. ಬಾಯ್ಲರಿನ ಮೇಲಿನ ಅರಿಶಿನ ಕುಂಕುಮ ನೋಡಿ ಅವರು ಉಗುರಿಂದ ಕೆರೆದು, ಮೂಸಿ, "ಇಲ್ಲಿಂದ ಸೋರುತ್ತಿದೆಯೇ?" ಎಂದು ಕೇಳಿದರು. "ಇಲ್ಲ, ಅದು ಪೂಜೆ" ಎಂದ ಗಂಡ. ಆ ಮನುಷ್ಯ ಬಾಯ್ಲರನ್ನು ನೋಡಿದರು, ಗಂಡನನ್ನು ನೋಡಿದರು, ಏನೂ ಅರ್ಥವಾಗದೆ ಕೆಳಗಿಳಿದರು. ಗೊಂದಲ ನಮ್ಮೊಬ್ಬರದೇ ಅಲ್ಲ ಎಂದು ನನಗೆ ಅಷ್ಟರ ಮಟ್ಟಿಗೆ ಸಮಾಧಾನ.

ಮಗುವಿನ ಕೋಣೆಯಲ್ಲಿ ರೇಡಿಯೇಟರಿನ ತಿರುಪು ಸಡಿಲಿಸಿ, ಅಂಗೈಗೆ ಸ್ವಲ್ಪ ನೀರು ಹಿಡಿದು ಬೆರಳಿನಿಂದ ಉಜ್ಜಿದರು. ಕಪ್ಪಗೆ ಅಂಟಿತು. "ಈ ನೀರು ಎಷ್ಟು ಹಳೆಯದು?" ಎಂದು ಕೇಳಿದರು.

ಉತ್ತರ ನನಗೆ ಬಾಯಿಪಾಠ. "ಬರೀ ಎರಡು ವಾರ! ಪ್ರತಿ ವರ್ಷ ಪೂರ್ತಿ ಬದಲಾಯಿಸುತ್ತೇವೆ" ಎಂದೆ, ಹೊಗಳಲಿ ಎಂದು ಕಾದು.

ಅವರು ಮಂಡಿಯೂರಿದ್ದವರು ಹಾಗೇ ನೆಲಕ್ಕೆ ಕೂತುಬಿಟ್ಟರು. ಆಮೇಲೆ ಇಂಗ್ಲಿಷು ಡಚ್ಚು ಬೆರೆಸಿ, ನಿಧಾನವಾಗಿ ವಿವರಿಸಿದರು. ಇದರೊಳಗಿನ ನೀರು ಹಳೆಯದಾಗಿಯೇ ಇರಬೇಕು. ಹೊಸ ನೀರಿನಲ್ಲಿ ಗಾಳಿ ಕರಗಿರುತ್ತದೆ, ಅದು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ತಿನ್ನುವಷ್ಟು ತಿಂದು ಗಾಳಿ ಮುಗಿದ ಮೇಲೆ ಆ ನೀರು ಸತ್ತ ಹಾಗೆ, ಯಾರಿಗೂ ತೊಂದರೆ ಕೊಡದೆ ಸುತ್ತುತ್ತಿರುತ್ತದೆ. ಈ ಮನೆಯ ನೀರು ಎಷ್ಟೋ ವರ್ಷ ಹಾಗೇ ಇತ್ತು, ತಳದಲ್ಲಿ ಒಂದಿಷ್ಟು ಕಪ್ಪು ಮಣ್ಣು ತನ್ನ ಪಾಡಿಗೆ ಕೂತಿತ್ತು. ನೀವು ಅದನ್ನು ಕಲಕಿದಿರಿ, ಹೊಸ ನೀರು ಕೊಟ್ಟು ಮತ್ತೆ ಮತ್ತೆ ಹಸಿವು ಹುಟ್ಟಿಸಿದಿರಿ. ಈಗ ಆ ಮಣ್ಣೆಲ್ಲ ಬಂದು ಈ ಕೋಣೆಯಲ್ಲಿ ಕಟ್ಟಿಕೊಂಡಿದೆ.

"ಹಾಗಾದರೆ ನಾವು ಚೆಲ್ಲಿದ ಕೊಳೆ?" ಎಂದೆ.

"ಕೊಳೆಯಲ್ಲ. ಅದು ರೇಡಿಯೇಟರು" ಎಂದರು.

ನನ್ನ ಕಿವಿ ಬಿಸಿಯಾಯಿತು. ಮೂರು ಹಬ್ಬ, ಪೂಜೆ ಸಮೇತ, ನನ್ನ ಮನೆಯ ಕಬ್ಬಿಣವನ್ನೇ ಕರಗಿಸಿ ಮೋರಿಗೆ ಸುರಿದಿದ್ದೆ. ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು, ತೊಳೆದಷ್ಟೂ ಹೊಲಸು! ಹಾಗಾದರೆ ನನ್ನ ಅಜ್ಜಿ ಹೇಳಿಕೊಟ್ಟದ್ದೇನು? ಮಗುವಿಗೆ ಚೊಕ್ಕ ಮನೆ ಇರಲಿ ಎಂದು ಮಾಡಿದ ಕೆಲಸವೇ ಮಗುವನ್ನು ಆಸ್ಪತ್ರೆಗೆ ಕಳಿಸುವಂತಾಯಿತೇ? ಎಲ್ಲ ಒಟ್ಟಿಗೆ ತಲೆಯಲ್ಲಿ ತಿರುಗುತ್ತಿರುವಾಗ ಆ ಮನುಷ್ಯ ಕೇಳಿದರು: "ಯಾರ ಐಡಿಯಾ ಇದು?"

ನಾಚಿಕೆಯಾಗುತ್ತದೆ ಹೇಳಲು. "ಅದು ನಮ್ಮ ಹಬ್ಬದ ಪದ್ಧತಿ. ನಮ್ಮ ಅತ್ತೆಯವರು..." ಎಂದು ಶುರುಮಾಡಿ, ವಾಕ್ಯವನ್ನು ಅಲ್ಲೇ ಬಿಟ್ಟೆ. ಮುಗಿಸಲಿಲ್ಲ, ತಿದ್ದಲೂ ಇಲ್ಲ. ಗಂಡ ಬಾಯಿ ತೆರೆದ. ನಾನು ಅವನನ್ನು ನೋಡಿದೆ. ಮುಚ್ಚಿದ.

ಆ ಮನುಷ್ಯ ಎದ್ದು, ಮೂಲೆಯಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ಕೂತಿದ್ದ ಅತ್ತೆಯ ಮುಂದೆ ಬಗ್ಗಿ, ತೋರುಬೆರಳು ಅಲ್ಲಾಡಿಸುತ್ತ, ನಿಧಾನವಾಗಿ ಹೇಳಿದರೆ ತಿಳಿಯುತ್ತದೆ ಎನ್ನುವಂತೆ ಡಚ್ಚಿನಲ್ಲಿ ಬುದ್ಧಿ ಹೇಳಿದರು. ದನಿ ಗಡುಸಾಗಿತ್ತು. ರೇಡಿಯೇಟರು ತೋರಿಸಿದರು, ಮಗುವನ್ನು ತೋರಿಸಿದರು, ಮತ್ತೆ ಬೆರಳು ಅಲ್ಲಾಡಿಸಿದರು. ಅತ್ತೆ ಒಂದೊಂದು ಮಾತಿಗೂ "ಹೂಂನಪಾ, ಹೂಂ" ಎಂದು ತಲೆಯಾಡಿಸಿದರು. ಆ ಮನುಷ್ಯ ಅತ್ತ ತಿರುಗಿದ ಮೇಲೆ ಅತ್ತೆ ನನ್ನನ್ನು ಕೇಳಿದರು, "ಏನಂತಾನವಾ ಅಂವ?"

"ಮಗೂನ ಬೆಚ್ಚಗಿಡಿ ಅಂತಿದಾರೆ ಅತ್ತೆ" ಎಂದೆ.

"ಮತ್ತ ನಾ ಏನ್ ಮಾಡಾಕತ್ತೀನಿ?" ಎಂದು ಅತ್ತೆ ಕೌದಿ ಸರಿಮಾಡಿಕೊಂಡರು.

ಮಗುವಿನ ಕೋಣೆಯ ರೇಡಿಯೇಟರನ್ನು ಗೋಡೆಯಿಂದ ಬಿಚ್ಚಿ, ಆ ಮನುಷ್ಯನೂ ಗಂಡನೂ ಹೊತ್ತು ಹಿತ್ತಲಿಗೆ ಇಳಿಸಿದರು. ಪೈಪಿನಲ್ಲಿ ಜೋರಾಗಿ ನೀರು ಹೊಡೆದಾಗ ಒಳಗಿಂದ ಎರಡು ಬಕೆಟ್ಟಿನಷ್ಟು ಕಪ್ಪು ಕೆಸರು ಬಂತು. ಕೋಣೆಕೋಣೆಯ ಕೊಳವೆ ತೊಳೆದು, ಬಾಯ್ಲರಿನ ಹತ್ತಿರ ಕಬ್ಬಿಣದ ಚೂರು ಹಿಡಿಯಲು ಅಯಸ್ಕಾಂತ ಕೂರಿಸಿ, ತುಕ್ಕು ತಡೆಯುವ ಔಷಧಿ ಸೇರಿಸಿ ನೀರು ತುಂಬಿದರು. "ಇದೇ ಕೊನೆಯ ಹೊಸ ನೀರು. ಇನ್ನು ಇದು ಮುದಿಯಾಗಲು ಬಿಡಿ" ಎಂದು ಹೇಳಿ ಆ ಮನುಷ್ಯ ಹೊರಟರು.

ನಾನು ರೇಡಿಯೇಟರಿನ ಕೆಳ ಅಂಚಿಗೆ ಕೈಯಿಟ್ಟು ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಒಳಗೆ ಏನೋ ಗುಳುಗುಳು ಎಂದಿತು, ಬಿಸಿ ಮೇಲಿಂದ ಒಂದೊಂದೇ ಗೆಣ್ಣು ಇಳಿದು ಕೈಗೆ ತಾಗಿತು. ನರ್ಸಮ್ಮ ಮಧ್ಯಾಹ್ನ ಬಂದು ಗೋಡೆಯ ಡಿಗ್ರಿ ನೋಡಿದರು, ಮಗುವಿನದನ್ನು ನೋಡಿದರು, ಪುಸ್ತಕದಲ್ಲಿ ಬರೆದು, ನನ್ನ ಭುಜ ತಟ್ಟಿದರು. ನಾನು ಗಳಗಳ ಅತ್ತುಬಿಟ್ಟೆ. ಅತ್ತೆ ಮಗುವನ್ನು ತೊಟ್ಟಿಲಿಗೆ ಹಾಕಿ, ಜೋಮು ಹಿಡಿದ ಕೈಗಳನ್ನು ಕೊಡವಿಕೊಂಡು, ಅಲ್ಲೇ ನೆಲದ ಮೇಲೆ ಮಲಗಿ ನಿದ್ದೆಹೋದರು.

ನಿಜ ಹೇಳಬೇಕು ಎಂದು ದಿನಾ ಅಂದುಕೊಂಡೆ. ಹೇಳಲಿಲ್ಲ. ಮೂರು ತಿಂಗಳ ವೀಸಾ ಮುಗಿದು ಅತ್ತೆ ಧಾರವಾಡಕ್ಕೆ, ಭಾವನವರ ತುಂಬಿದ ಮನೆಗೆ ವಾಪಸಾದರು. ವಿಮಾನ ನಿಲ್ದಾಣದಲ್ಲೂ ಮಾತು ನಾಲಗೆಯ ತುದಿಗೆ ಬಂದು ನಿಂತಿತು.

ಮರುವರ್ಷದ ಸರ್ವಿಸಿಗೆ ಅದೇ ಮನುಷ್ಯ ಬಂದದ್ದು ನೀರು ತುಂಬುವ ಹಬ್ಬದ ದಿನವೇ. ನಾನು ಬೆಳಿಗ್ಗೆ ಒಂದು ಸ್ಟೀಲಿನ ಕೊಳಗ ತಿಕ್ಕಿ, ಕುಂಕುಮ ಹಚ್ಚಿ, ಹೊಸ ನೀರು ತುಂಬಿ ಬಚ್ಚಲಲ್ಲಿ ಇಟ್ಟಿದ್ದೆ. ಬಾಯ್ಲರಿನ ಹತ್ತಿರ ಸುಳಿದಿರಲಿಲ್ಲ. ಅವರು ಅಂಗೈಗೆ ಒಂದಿಷ್ಟು ನೀರು ಹಿಡಿದು ನೋಡಿ, "ಒಳ್ಳೆಯ ಸತ್ತ ನೀರು" ಎಂದು ಮೆಚ್ಚಿದರು. ಆಮೇಲೆ ನಗುತ್ತ, "ಅಜ್ಜಿ ಊರಿಗೆ ಹೋದರೇ? ಹಾಗಾದರೆ ಇನ್ನು ಭಯವಿಲ್ಲ" ಎಂದರು.

ಮಗಳು ನನ್ನ ಸೊಂಟದ ಮೇಲಿದ್ದಳು. ನಾನು ಹೇಳಿಬಿಟ್ಟೆ: "ಅವರಲ್ಲ. ನಾನು. ಅವರು ಬೇಡ ಅಂದಿದ್ದರು."

ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, "ಓ" ಎಂದರು. ಅರ್ಧ ಕೆಲಸ ಮುಗಿದ ಹಾಗಾಯಿತು. ಇನ್ನರ್ಧಕ್ಕೆ ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಅವರ ಕೈತುಂಬ ಹಿಟ್ಟಿತ್ತು, ಫೋನು ಡಬ್ಬಿಗೆ ಒರಗಿಸಿದ್ದರು. ಆ ಮನುಷ್ಯ ಹೇಳಿದ್ದು, ನಾನು ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

ಅತ್ತೆ ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ಬಿಡು. ಅಂವ ಬೆರಳು ಅಲ್ಲಾಡ್ಸೂ ಮುಂದ ನೀ ನೆಲಾ ನೋಡಾಕತ್ತಿದ್ದಿ, ನನ್ನ ಮಗ ಮಾಳಿಗಿ ನೋಡಾಕತ್ತಿದ್ದ. ಅಷ್ಟೂ ತಿಳೀದಷ್ಟು ಹುಚ್ಚಿ ಏನು ನಾ?"

"ಮತ್ತೆ ಯಾಕೆ ಸುಮ್ಮನಿದ್ರಿ ಅತ್ತೆ?"

"ಐದು ದಿನದ ಬಾಣಂತಿ ನೀ. ಬೈಗಳ ಯಾರಿಗರ ಒಬ್ಬರಿಗೆ ಬೀಳೂದಿತ್ತು. ನನಗಂತೂ ಅವನ ಭಾಷಾನ ತಿಳಿಯೂದಿಲ್ಲ, ನನಗೇನು ನಟ್ಟಂಗಾತು? ಕೂಸು ಬೆಚ್ಚಗಾತಿಲ್ಲೊ?" ಎಂದರು. ನಾನು ಕಣ್ಣೊರೆಸಿಕೊಂಡೆ. "ಅಳಬ್ಯಾಡ, ಹಬ್ಬದ ದಿನ. ಫೋನ್ ಆಕಿ ಕಡೆ ಹಿಡಿ. ಕಾಲಿಗೆ ಸಾಕ್ಸ್ ಹಾಕೀಯೋ ಇಲ್ಲೋ ನೋಡ್ತೀನಿ."

ಹಾಕಿರಲಿಲ್ಲ. ಮಗಳು ರೇಡಿಯೇಟರು ಹಿಡಿದುಕೊಂಡು ಬರಿಗಾಲಲ್ಲಿ ನಿಂತಿದ್ದಳು.